ಅಮ್ಮನನ್ನು ಕ್ಯಾನ್ಸರ್ ಕರೆದುಕೊಂಡು ಹೋಗಲಿಲ್ಲ

ನಿನ್ನೆ ತಿಪಟೂರಿನಲ್ಲಿ ಒಂದು ನಾಮಕರಣ ಇತ್ತು. ನಮ್ಮ ಯಜಮಾನರ ಕಡೆಯವರದ್ದು. ಛತ್ರದಲ್ಲಿ ಊಟದ ಹಾಲ್ ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನಾನು ಊಟ ಮುಗಿಸಿ ಕೈ ತೊಳೆದು ಇಳಿಯುತ್ತಿದ್ದೆ. ಮೆಟ್ಟಿಲು ತಿರುಗುವ ಕಡೆ ಒಬ್ಬರು ಗೋಡೆಗೆ ಒರಗಿ ಕೂತಿದ್ದರು. ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದರು. ನೋಡಿದ ತಕ್ಷಣ ಗೊತ್ತಾಯಿತು, ಆ ಸೆರಗಿನ ಕೆಳಗೆ ಕೂದಲು ಈಗಷ್ಟೇ ಹುಟ್ಟುತ್ತಿದೆ ಅಂತ. ಅಮ್ಮನೂ ಹಾಗೇ ಸುತ್ತಿಕೊಳ್ಳುತ್ತಿದ್ದಳು.

ಅವರು ಏದುಸಿರು ಬಿಡುತ್ತಿದ್ದರು. ಹತ್ತಿದ್ದು ಹತ್ತು ಹನ್ನೆರಡು ಮೆಟ್ಟಿಲು, ಅಷ್ಟೇ. ಸುತ್ತ ನಾಲ್ಕೈದು ಜನ ನಿಂತಿದ್ದರು. ಒಬ್ಬರು ನೀರು ಕೊಟ್ಟರು, ಒಬ್ಬರು ಗಾಳಿ ಬೀಸಿದರು. ಹಿರಿಯರೊಬ್ಬರು ಹೇಳಿದರು, "ಕೀಮೋ ತಗೊಂಡೋರಿಗೆಲ್ಲ ಹಿಂಗೇ ಕಣಮ್ಮ. ರಕ್ತ ಕಮ್ಮಿ ಆಗಿರತ್ತೆ. ಬೀಟ್ರೂಟ್ ಜ್ಯೂಸ್ ಕೊಡಿ, ಸರಿ ಹೋಗುತ್ತೆ."

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆ ಹಿರಿಯರ ಮೇಲೆ ಅಲ್ಲ. ಅದೇ ಮಾತನ್ನು ನಾನೂ ಹೇಳಿದ್ದೆ. ಅಮ್ಮನಿಗೆ ಹೇಳಿದ್ದೆ. ಒಂದು ಸಲ ಅಲ್ಲ, ಎರಡು ತಿಂಗಳು ದಿನಾ ಹೇಳಿದ್ದೆ.

ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. "ಅತ್ತೆ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರ?" ಅಂತ ಕೇಳಿದೆ. ಇದೆಂಥ ಪ್ರಶ್ನೆ ಅನ್ನುವ ಹಾಗೆ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು. "ಮೂರು ಬೇಕು ಕಣೇ. ಚಪ್ಪಟೆ ಮಲಗಿದ್ರೆ ಉಸಿರು ಕಟ್ಟತ್ತೆ. ಮಧ್ಯರಾತ್ರಿ ಎದ್ದು ಕಿಟಕಿ ಹತ್ರ ಕೂತ್ಕೋತೀನಿ." ಕಾಲಿನ ಗೆಜ್ಜೆ ಹಾಕುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

ಅವರ ಮಗ ಊಟದ ಎಲೆ ಬಿಟ್ಟು ಎದ್ದು ಬಂದ. ಒಳ್ಳೇ ಹುಡುಗ. ಆಸ್ಪತ್ರೆಯ ಕಾಗದಗಳನ್ನೆಲ್ಲ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದಾನೆ. ಎಲ್ಲ ಸರಿಸುತ್ತಾ ಹೋದೆ. ಬಯಾಪ್ಸಿ ಇದೆ, ಸ್ಕ್ಯಾನ್ ಇದೆ, ರಕ್ತ ಪರೀಕ್ಷೆಗಳು ಮೂವತ್ತು ನಲವತ್ತು ಇವೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಒಂದೇ ಒಂದು. ಎಂಟು ತಿಂಗಳ ಹಿಂದಿನದು. ಮೊದಲ ಕೀಮೋಗೆ ಮುಂಚೆ ಮಾಡಿಸಿದ್ದು. ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, 62 ಅಂತ ಇತ್ತು. ಚೆನ್ನಾಗೇ ಇತ್ತು. ಅದಾದ ಮೇಲೆ ಕೆಂಪು ಕೀಮೋ, ಅಂದರೆ ಕೆಂಪು ಬಣ್ಣದ ಔಷಧದ ಕೀಮೋ, ನಾಲ್ಕು ಸಲ ಆಗಿದೆ. ಮೂರು ವಾರಕ್ಕೊಂದು ಟ್ರಾಸ್ಟುಜುಮ್ಯಾಬ್ ಅನ್ನುವ ಕ್ಯಾನ್ಸರ್ ಇಂಜೆಕ್ಷನ್ ಇನ್ನೂ ನಡೆಯುತ್ತಿದೆ. ಎಕೋ ಮಾತ್ರ ಆಗಿಲ್ಲ.

"ಯಾರೂ ಹೇಳಲಿಲ್ವಾ?" ಅಂದೆ. "ಏನೋ ಬರೆದಿದ್ರು ಅಕ್ಕ. ಆದ್ರೆ ಅಮ್ಮಂಗೆ ಹಾರ್ಟ್ ಪ್ರಾಬ್ಲಂ ಇಲ್ವಲ್ಲ" ಅಂದ.

ನನಗೆ ಮಾತೇ ಹೊರಡಲಿಲ್ಲ.

ಅಮ್ಮ ತೀರಿಕೊಂಡ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಇದೇ ಫೇಸ್‌ಬುಕ್ ಗೋಡೆಯ ಮೇಲೆ ಆವಾಗ ಬರೆದಿದ್ದೆ, ನೀವೆಲ್ಲ ಸಮಾಧಾನ ಹೇಳಿದ್ದಿರಿ. ಆದರೆ ಒಂದು ವಿಷಯ ಆಗ ಬರೆದಿರಲಿಲ್ಲ. ಬರೆಯೋಕೆ ಧೈರ್ಯ ಇರಲಿಲ್ಲ. ಅಮ್ಮನ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಪಾಪ, ಕ್ಯಾನ್ಸರ್ ಕರ್ಕೊಂಡು ಹೋಯ್ತು." ನಾನು ತಲೆ ಆಡಿಸಿದೆ. ಆದರೆ ಅದು ಸುಳ್ಳು. ಅಮ್ಮ ತೀರಿಕೊಳ್ಳುವ ನಾಲ್ಕು ತಿಂಗಳ ಮುಂಚಿನ ಸ್ಕ್ಯಾನ್ ನನ್ನ ಬೀರುವಿನಲ್ಲಿ ಇದೆ. ಅದರಲ್ಲಿ ಕ್ಯಾನ್ಸರ್ ಎಲ್ಲೂ ಇಲ್ಲ. ಒಂದು ಚುಕ್ಕೆಯೂ ಇಲ್ಲ. ಅಮ್ಮ ಹೋಗಿದ್ದು ಹೃದಯದಿಂದ.

ಅಮ್ಮನಿಗೆ 2018ರಲ್ಲಿ ಎಡ ಸ್ತನದ ಕ್ಯಾನ್ಸರ್ ಅಂತ ಗೊತ್ತಾದಾಗ 61 ವರ್ಷ. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಆಪರೇಷನ್ ಆಯಿತು. ಆಮೇಲೆ ಕೆಂಪು ಕೀಮೋ. ಅದರ ಹೆಸರು ಡಾಕ್ಸೋರುಬಿಸಿನ್. ನೋಡೋಕೆ ದಾಳಿಂಬೆ ರಸದ ಹಾಗೆ ಇರುತ್ತದೆ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ಮೊದಲ ಸಲ ಅಮ್ಮ ರಕ್ತ ಅಂದುಕೊಂಡು ಗಾಬರಿಯಾಗಿ ಬಚ್ಚಲಿಂದಲೇ ಕೂಗಿದ್ದಳು.

ಆ ಔಷಧದ ಕಥೆಯನ್ನು ನಾನು ಓದಿದ್ದು ಆಮೇಲೆ, ಎಲ್ಲ ಮುಗಿದ ಮೇಲೆ. ಇಟಲಿಯ ಒಂದು ಹಳೇ ಕೋಟೆಯ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಅದರ ಮೂಲ. ಅಲ್ಲಿನ ಏಡ್ರಿಯಾಟಿಕ್ ಸಮುದ್ರದ ಹೆಸರಿನಿಂದಲೇ ಏಡ್ರಿಯಾಮೈಸಿನ್ ಅಂತ ಹೆಸರು ಬಂತು. ಲಕ್ಷಾಂತರ ಜನರನ್ನು ಬದುಕಿಸಿದ ಔಷಧ ಅದು. ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಹೃದಯದ ಸ್ನಾಯುವನ್ನೂ ತಿನ್ನುತ್ತದೆ. ಇದು 1970ರ ದಶಕದಿಂದಲೇ ಡಾಕ್ಟರುಗಳಿಗೆ ಗೊತ್ತು. ಚರ್ಮ ಸುಟ್ಟರೆ ಮತ್ತೆ ಬೆಳೆಯುತ್ತದೆ, ಉದುರಿದ ಕೂದಲು ಮತ್ತೆ ಬರುತ್ತದೆ. ಹೃದಯದ ಸ್ನಾಯು ಹಾಗೆ ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ ಈ ಔಷಧಕ್ಕೆ ಲೆಕ್ಕ ಇದೆ. ಇಡೀ ಜೀವಮಾನಕ್ಕೆ ಒಂದು ಲೆಕ್ಕ. ಮೈಯ ಅಳತೆಯ ಪ್ರತಿ ಚದರ ಮೀಟರಿಗೆ ಒಟ್ಟು ಎಷ್ಟು ಮಿಲಿಗ್ರಾಂ ಹೋಗಿದೆ ಅಂತ ನೋಡುತ್ತಾರೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಟ್ಟು 400 ಮಿಲಿಗ್ರಾಂ ತಲುಪಿದವರಲ್ಲಿ ಸುಮಾರು ನೂರಕ್ಕೆ 5 ಜನರಿಗೆ ಹೃದಯ ಸೋತಿತ್ತು. 550 ಆದಾಗ 26. 700 ಆದಾಗ 48. ನೋಡಿ, ಹೇಗೆ ಏರುತ್ತದೆ! ಈಗ ಸಾಮಾನ್ಯವಾಗಿ ಸ್ತನ ಕ್ಯಾನ್ಸರಿಗೆ ಕೊಡುವುದು ನಾಲ್ಕು ಸಲ, ಒಟ್ಟು 240. ಅಮ್ಮನಿಗೂ ಅಷ್ಟೇ ಹೋಗಿದ್ದು. ಮಿತಿಯ ಒಳಗೇ ಇತ್ತು.

ಆದರೆ ಅಮ್ಮನಿಗೆ ಬರೀ ಅದೊಂದೇ ಅಲ್ಲವಲ್ಲ. ವಯಸ್ಸು ಅರವತ್ತು ದಾಟಿತ್ತು. ಬಿಪಿ, ಶುಗರ್ ಇತ್ತು. ಆಮೇಲೆ ಎಡಗಡೆಗೆ ರೇಡಿಯೇಷನ್. ಹೃದಯ ಇರುವುದೂ ಎಡಗಡೆಯೇ. ಹೃದಯದ ಮೇಲೆ ಬೀಳುವ ವಿಕಿರಣ ಸರಾಸರಿ ಒಂದೊಂದು ಗ್ರೇ (ವಿಕಿರಣ ಅಳೆಯುವ ಮಾನ) ಜಾಸ್ತಿ ಆದ ಹಾಗೆ, ಮುಂದೆ ಹೃದಯಾಘಾತದಂಥ ದೊಡ್ಡ ತೊಂದರೆ ಬರುವ ಅಪಾಯ ಶೇಕಡಾ 7.4ರಷ್ಟು ಏರುತ್ತದೆ ಅಂತ 2013ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿತು. ಆ ಅಪಾಯ ಮೊದಲ ಐದು ವರ್ಷದೊಳಗೇ ಶುರುವಾಗಿ ಇಪ್ಪತ್ತು ವರ್ಷದವರೆಗೂ ಇರುತ್ತದಂತೆ. ಇದಕ್ಕೂ ಉಪಾಯ ಇದೆ. ಎದೆ ತುಂಬ ಉಸಿರು ಎಳೆದು ಹಿಡಿದುಕೊಳ್ಳಿ ಅಂತ ಹೇಳಿ, ಆ ಕೆಲವು ಸೆಕೆಂಡಿನಲ್ಲಿ ರೇಡಿಯೇಷನ್ ಕೊಡುತ್ತಾರೆ. ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನಿಂದ ಸ್ವಲ್ಪ ದೂರ ಸರಿಯುತ್ತದೆ. ಎಷ್ಟು ಸರಳ ಉಪಾಯ, ಅಲ್ವಾ? ಎಡಗಡೆಗೆ ರೇಡಿಯೇಷನ್ ಇರುವವರು ದಯವಿಟ್ಟು ಇದು ಇದೆಯಾ ಅಂತ ಕೇಳಿ. ನಾವು ಕೇಳಲಿಲ್ಲ. ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಅದರ ಜೊತೆಗೆ ಒಂದು ವರ್ಷ ಕೊಡಬೇಕಿದ್ದ ಟ್ರಾಸ್ಟುಜುಮ್ಯಾಬ್. ಹರ್‌ಟೂ ಪಾಸಿಟಿವ್ ಅಂತ ರಿಪೋರ್ಟ್ ಬಂದವರಿಗೆ ಕೊಡುವ ಇಂಜೆಕ್ಷನ್. ಇದು ಅಮೆರಿಕದಲ್ಲಿ 1998ರಲ್ಲಿ ಬಂದಾಗ ಸ್ತನ ಕ್ಯಾನ್ಸರಿನ ಚಿಕಿತ್ಸೆಯೇ ಬದಲಾಯಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್, ಅಂದರೆ ಇದರ ಹಾಗೆಯೇ ಕೆಲಸ ಮಾಡುವ ಔಷಧ, ತಂದಿತು. ಅಮ್ಮನಂಥವರಿಗೂ ಅದು ಸಿಕ್ಕಿತು. ಕ್ಯಾನ್ಸರ್ ಕೋಶದ ಮೇಲಿರುವ ಹರ್‌ಟೂ ಅನ್ನುವ ಪ್ರೋಟೀನನ್ನು ಅದು ಕಟ್ಟಿಹಾಕುತ್ತದೆ. ಆದರೆ ಹೃದಯದ ಕೋಶಕ್ಕೂ ತನ್ನ ಪೆಟ್ಟು ತಾನೇ ಸರಿಮಾಡಿಕೊಳ್ಳೋಕೆ ಅದೇ ಪ್ರೋಟೀನ್ ಬೇಕು. ಮೊದಲ ದೊಡ್ಡ ಪ್ರಯೋಗದಲ್ಲಿ ಕೆಂಪು ಕೀಮೋದಂಥ ಔಷಧದ ಜೊತೆಗೇ ಇದನ್ನೂ ಕೊಟ್ಟಾಗ ನೂರಕ್ಕೆ 27 ಜನರಿಗೆ ಹೃದಯದ ತೊಂದರೆ ಕಾಣಿಸಿತ್ತು. ಅದಕ್ಕೇ ಈಗ ಒಂದಾದ ಮೇಲೆ ಒಂದು ಕೊಡುತ್ತಾರೆ. ಮತ್ತೆ ಅದಕ್ಕೇ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಿ ಅನ್ನುತ್ತಾರೆ. ಸುಮ್ನೆ ಬರೆಯುವುದಲ್ಲ ಅದು. ಇಎಫ್ ಬಿದ್ದಿದ್ದು ಬೇಗ ಗೊತ್ತಾದರೆ ಇಂಜೆಕ್ಷನ್ ಸ್ವಲ್ಪ ದಿನ ನಿಲ್ಲಿಸಿ, ಮಾತ್ರೆ ಕೊಟ್ಟರೆ, ಹೆಚ್ಚಿನವರಲ್ಲಿ ಹೃದಯ ಸುಧಾರಿಸುತ್ತದೆ.

ಈಗ ನಾನು ಹೇಳಬೇಕಾಗಿದ್ದನ್ನು ಹೇಳುತ್ತೇನೆ.

ಅಮ್ಮನ ಚೀಟಿಯಲ್ಲಿ ಡಾಕ್ಟರ್ ಬರೆದಿದ್ದರು. ಏಪ್ರಿಲ್‌ನಲ್ಲಿ ಎಕೋ ಮಾಡಿಸಿಕೊಂಡು ಬನ್ನಿ ಅಂತ. ಸ್ಪಷ್ಟವಾಗಿ ಬರೆದಿದ್ದರು. ಜನವರಿಯಲ್ಲಿ ಇಎಫ್ 60ರಿಂದ 54ಕ್ಕೆ ಇಳಿದಿತ್ತು. "ಪರವಾಗಿಲ್ಲ, ಆದರೆ ನೋಡ್ತಾ ಇರಬೇಕು" ಅಂದಿದ್ದರು. ಏಪ್ರಿಲ್‌ನಲ್ಲಿ ನನಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಇತ್ತು. ರಜೆ ಸಿಗುವುದು ಕಷ್ಟ. ಇಂಜೆಕ್ಷನ್‌ಗೆ ಒಂದು ದಿನ, ಎಕೋಗೆ ಇನ್ನೊಂದು ದಿನ, ಅರಸೀಕೆರೆಯಿಂದ ಬೆಂಗಳೂರಿಗೆ ಎರಡು ಸಲ ರೈಲು ಹತ್ತಬೇಕಿತ್ತು. ನಾನೇ ಅಮ್ಮನಿಗೆ ಹೇಳಿದೆ, "ಎಕೋ ಮುಂದಿನ ಸಲ ಮಾಡಿಸೋಣ ಅಮ್ಮ. ಇಂಜೆಕ್ಷನ್ ಮಾತ್ರ ತಪ್ಪಿಸೋದು ಬೇಡ." ಡೇಕೇರ್‌ನಲ್ಲಿ ಯಾರೂ ಎಕೋ ಕೇಳಲಿಲ್ಲ. ರಕ್ತದ ರಿಪೋರ್ಟ್ ನೋಡಿದರು, ಇಂಜೆಕ್ಷನ್ ಹಾಕಿದರು. ಕೇಳಿದ್ದರೆ ಅವತ್ತೇ ಮಾಡಿಸುತ್ತಿದ್ದೆವೋ ಏನೋ. ಆದರೆ ತಪ್ಪಿಸಿದ್ದು ನಾನು.

ಮೇ ತಿಂಗಳಿನಿಂದ ಅಮ್ಮ ಸುಸ್ತು ಅನ್ನೋಕೆ ಶುರುಮಾಡಿದಳು. ದೇವರ ಮನೆಯಿಂದ ಅಡುಗೆ ಮನೆಗೆ ಬರುವಷ್ಟರಲ್ಲಿ ನಿಲ್ಲುತ್ತಿದ್ದಳು. ನಾನು ಏನಂದೆ? "ಕೀಮೋ ಸುಸ್ತು ಅಮ್ಮ, ಆರು ತಿಂಗಳು ಇರುತ್ತಂತೆ." ರಾಗಿ ಗಂಜಿ ಮಾಡಿಕೊಟ್ಟೆ. ಖರ್ಜೂರ ತಂದೆ. ರಾತ್ರಿ ಒಣ ಕೆಮ್ಮು ಬರುತ್ತಿತ್ತು. ಶುಂಠಿ ಕಷಾಯ ಕೊಟ್ಟೆ. ಕಾಲು ಊದಿತು. "ಕಾಲು ಇಳಿಬಿಟ್ಕೊಂಡು ಕೂರಬೇಡ" ಅಂದೆ. ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಕೂತು, ನೀರಿನಲ್ಲಿ ಮುಳುಗುತ್ತಿರುವವರ ಹಾಗೆ ಉಸಿರಾಡುತ್ತಿದ್ದಳು. ಎದೆಯಿಂದ ಗೊರಗೊರ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಬೆಳಿಗ್ಗೆ ಎಕೋ ಮಾಡಿದರು. ಇಎಫ್ 31.

ಇಂಜೆಕ್ಷನ್ ನಿಂತಿತು. ಮಾತ್ರೆಗಳು ಶುರುವಾದವು. ಸ್ವಲ್ಪ ಚೇತರಿಸಿಕೊಂಡಳು, ಆದರೆ ಮೊದಲಿನ ಅಮ್ಮ ವಾಪಸ್ ಬರಲಿಲ್ಲ. ಎರಡು ವರ್ಷ ದಿನಕ್ಕೆ ಇಷ್ಟೇ ನೀರು, ಇಷ್ಟೇ ಉಪ್ಪು ಅಂತ ಅಳೆದುಕೊಂಡು ಬದುಕಿದಳು. ಉಪ್ಪಿನಕಾಯಿ ಹಾಕುವುದರಲ್ಲಿ ಊರಿಗೇ ಹೆಸರಾದವಳು, ಉಪ್ಪಿನಕಾಯಿ ಮುಟ್ಟುವ ಹಾಗಿರಲಿಲ್ಲ. 2021ರ ಡಿಸೆಂಬರಿನಲ್ಲಿ ಹೋದಳು.

ಆಮೇಲೆ ಓದಿದ್ದರಲ್ಲಿ ನನ್ನನ್ನು ತುಂಬ ಕಾಡಿದ್ದು ಮಿಲಾನ್‌ನ ಡಾಕ್ಟರುಗಳು 2010ರಲ್ಲಿ ಪ್ರಕಟಿಸಿದ ಒಂದು ಲೆಕ್ಕ. ಕೆಂಪು ಕೀಮೋದಂಥ ಔಷಧದಿಂದ ಹೃದಯ ಸೋತವರಿಗೆ ಎನಲಾಪ್ರಿಲ್, ಕಾರ್ವೆಡಿಲಾಲ್ ಮಾತ್ರೆ ಕೊಟ್ಟು ನೋಡಿದ್ದರು. ದುಬಾರಿ ಮಾತ್ರೆಗಳಲ್ಲ ಅವು, ನಮ್ಮೂರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಕೀಮೋ ಮುಗಿದು ಎರಡು ತಿಂಗಳೊಳಗೆ ಶುರು ಮಾಡಿದವರಲ್ಲಿ ನೂರಕ್ಕೆ 64 ಜನರ ಹೃದಯ ಪೂರ್ತಿ ಸರಿಹೋಗಿತ್ತು. ಆರು ತಿಂಗಳು ದಾಟಿದ ಮೇಲೆ ಶುರು ಮಾಡಿದವರಲ್ಲಿ ಪೂರ್ತಿ ಸರಿಹೋದವರು ಒಬ್ಬರೂ ಇಲ್ಲ. ಒಬ್ಬರೂ ಇಲ್ಲ! ಅದೇ ತಂಡ 2015ರಲ್ಲಿ 2,625 ಜನರನ್ನು ನೋಡಿ ಹೇಳಿದ್ದು ಇನ್ನೊಂದು. ನೂರಕ್ಕೆ 9 ಜನರಿಗೆ ಹೃದಯದ ತೊಂದರೆ ಬಂತು, ಅವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಮೊದಲ ವರ್ಷದೊಳಗೇ ಬಂತು. ಆ ಒಂದು ವರ್ಷದಲ್ಲಿ ನಾವು ಏನು ಮಾಡುತ್ತಿರುತ್ತೇವೆ? ಬೀಟ್ರೂಟ್ ಹಿಂಡುತ್ತಿರುತ್ತೇವೆ.

ನಮ್ಮ ತಲೆಯಲ್ಲಿ ಕಾಯಿಲೆಗಳಿಗೆ ಬೇರೆ ಬೇರೆ ಊರು ಇವೆ. ಕಿದ್ವಾಯಿ ಅಂದರೆ ಕ್ಯಾನ್ಸರ್, ಜಯದೇವ ಅಂದರೆ ಹಾರ್ಟ್. ಕರ್ನಾಟಕದ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಎರಡೂ ನಮ್ಮ ಹೆಮ್ಮೆಯ ಆಸ್ಪತ್ರೆಗಳು, ಎಷ್ಟೋ ಬಡವರ ಜೀವ ಉಳಿಸಿವೆ. ಅವುಗಳ ಮೇಲೆ ನನ್ನ ದೂರು ಇಲ್ಲ, ಅಮ್ಮನಿಗೆ ಚಿಕಿತ್ಸೆ ಆಗಿದ್ದೂ ಅಲ್ಲಿ ಅಲ್ಲ. ನನ್ನ ದೂರು ನಮ್ಮ ತಲೆಯ ಮೇಲೆ. ಒಂದು ಫೈಲು ಶುರುವಾದರೆ ಇನ್ನೊಂದು ಫೈಲು ಮುಚ್ಚಿಬಿಡುತ್ತೇವೆ. ನಮ್ಮ ಪಕ್ಕದ ಬೀದಿಯ ಮಾವ ಒಬ್ಬರು ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ದಿನವೇ ಬಿಪಿ ಮಾತ್ರೆ ಬಿಟ್ಟರು. "ದೊಡ್ಡದೇ ಬಂದಮೇಲೆ ಚಿಕ್ಕದಕ್ಕೆ ಯಾಕೆ ಮಾತ್ರೆ" ಅಂದರು. ಮನೆಯವರೂ ಸುಮ್ಮನಿದ್ದರು. ಆದರೆ ಅವರ ಬಾಯಿಗೆ ಕ್ಯಾನ್ಸರ್ ತಂದ ತಂಬಾಕೇ ರಕ್ತನಾಳವನ್ನೂ ಕೆಡಿಸಿರುತ್ತದೆ. ಒಂದೇ ಬೇರು, ಎರಡು ಕಾಯಿಲೆ.

ಎದೆನೋವು ಅಂದರೆ ನಮಗೆ ಗ್ಯಾಸ್ಟ್ರಿಕ್. ಕರುಳಿನ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬಿನ್ ಮಾತ್ರೆ ಕೆಲವರಲ್ಲಿ ಹೃದಯದ ರಕ್ತನಾಳವನ್ನು ಹಿಂಡಿ ಹಿಡಿಯುತ್ತದೆ, ಅದರಿಂದ ಎದೆನೋವು ಬರುತ್ತದೆ. ಮಾತ್ರೆ ನುಂಗುವವರಿಗೆ ಎದೆ ನೋವಾದರೆ ಜೀರಿಗೆ ನೀರು ಕುಡಿಸಿ ಮಲಗಿಸುವುದಲ್ಲ, ಮಾತ್ರೆ ಬರೆದ ಡಾಕ್ಟರಿಗೆ ಆಗಲೇ ಫೋನ್ ಮಾಡಬೇಕು, ಹತ್ತಿರದಲ್ಲಿ ಎಲ್ಲಿದೆಯೋ ಅಲ್ಲಿ ಇಸಿಜಿ ತೆಗೆಸಬೇಕು.

ಅಮೆರಿಕದಲ್ಲಿ 1973ರಿಂದ 2012ರವರೆಗೆ ಕ್ಯಾನ್ಸರ್ ಪತ್ತೆಯಾದ 32 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಅವರಲ್ಲಿ ನೂರಕ್ಕೆ 38 ಜನ ಕ್ಯಾನ್ಸರಿನಿಂದ ಹೋಗಿದ್ದರು. ನೂರಕ್ಕೆ 11 ಜನ ಹೃದಯ, ರಕ್ತನಾಳದ ಕಾಯಿಲೆಯಿಂದ ಹೋಗಿದ್ದರು. ಆ ಹನ್ನೊಂದು ಜನರ ಮನೆಯ ಕಾರ್ಯದಲ್ಲೂ ಬಂದವರು "ಕ್ಯಾನ್ಸರ್ ಕರ್ಕೊಂಡು ಹೋಯ್ತು" ಅಂತಲೇ ಅಂದಿರಬಹುದು. ಹಾಗೆ ಅಂದುಬಿಟ್ಟರೆ ಮುಗಿಯಿತು, ಮುಂದಿನವರಿಗೆ ಎಕೋ ನೆನಪಾಗುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಇದನ್ನು ಹೇಳಿದಾಗಲೆಲ್ಲ ನನಗೆ ಒಂದು ಉತ್ತರ ಸಿಗುತ್ತದೆ. ನಿನ್ನೆಯೂ ಸಿಕ್ಕಿತು. "ಮೊದಲು ಕ್ಯಾನ್ಸರ್ ಹೋಗಲಿ, ಜೀವ ಉಳಿಯಲಿ. ಹಾರ್ಟ್ ವಿಷಯ ಆಮೇಲೆ ನೋಡಿದರಾಯಿತು. ಹಿಂಗೆಲ್ಲ ಹೆದರಿಸಿದರೆ ಜನ ಕೀಮೋನೇ ಬಿಟ್ಟುಬಿಡ್ತಾರೆ." ಈ ಮಾತಿನಲ್ಲಿ ಒಂದು ಸತ್ಯ ಇದೆ, ಒಪ್ಪುತ್ತೇನೆ. ದಯವಿಟ್ಟು ಯಾರೂ ನನ್ನ ಬರಹ ಓದಿ ಕೀಮೋ ಬಿಡಬೇಡಿ. ಕೆಂಪು ಔಷಧಿ ಬೇಡ ಅನ್ನಬೇಡಿ. ಕೀಮೋ ಇಲ್ಲದಿದ್ದರೆ ಅಮ್ಮ ಆ ಮೂರು ವರ್ಷವೂ ಇರುತ್ತಿರಲಿಲ್ಲ. ಆದರೆ ಎಕೋ ಮಾಡಿಸಿ ಅನ್ನುವುದು ಹೇಗೆ ಹೆದರಿಸಿದ ಹಾಗೆ ಆಗುತ್ತದೆ? ಪ್ರತಿ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತೇವಲ್ಲ, ಯಾರಾದರೂ ಹೆದರಿ ಓಡಿ ಹೋಗಿದ್ದಾರಾ? ಮತ್ತೆ ಈ "ಆಮೇಲೆ" ಅನ್ನುವುದು ಇದೆಯಲ್ಲ, ಆ ಆಮೇಲೆಯೇ ಅಮ್ಮನನ್ನು ಕಳಿಸಿದ್ದು. ಹೃದಯ ಸೋತರೆ ಕ್ಯಾನ್ಸರ್ ಚಿಕಿತ್ಸೆಯೂ ಅರ್ಧಕ್ಕೇ ನಿಲ್ಲುತ್ತದೆ. ಅಮ್ಮನ ಇಂಜೆಕ್ಷನ್ ನಿಂತಿದ್ದೂ ಹಾಗೇ. ಕ್ಯಾನ್ಸರ್ ಗುಣ ಆಗಲಿ ಅನ್ನುವವರೇ ಹೃದಯ ಕಾಯಬೇಕು.

ಡಾಕ್ಟರುಗಳಿಗೆ ಟೈಮ್ ಇಲ್ಲ ಅನ್ನುವವರೂ ಇದ್ದಾರೆ. ನಿಜ, ಇಲ್ಲ. ಕಾರಿಡಾರಿನಲ್ಲಿ ನೆಲದ ಮೇಲೆ ಮಲಗಿದವರನ್ನು ದಾಟಿಕೊಂಡು ಬರುತ್ತಾರೆ ಅವರು. ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನಾವು ಕೇಳಬೇಕು. ಯುರೋಪಿನ ಹೃದಯ ತಜ್ಞರ ಸಂಘ 2022ರಲ್ಲಿ ಈ ವಿಷಯಕ್ಕೇ ಮೊದಲ ಸಲ ಮಾರ್ಗಸೂಚಿ ತಂದಿದೆ. ಕ್ಯಾನ್ಸರ್ ರೋಗಿಗಳ ಹೃದಯ ನೋಡಿಕೊಳ್ಳೋಕೆ ಕಾರ್ಡಿಯೋ ಆಂಕಾಲಜಿ ಅಂತ ಒಂದು ವಿಭಾಗವೇ ಬೆಳೆದಿದೆ. ಅದೆಲ್ಲ ನಮ್ಮ ತಾಲೂಕಿಗೆ ಬರೋಕೆ ಕಾಯಬೇಕಾಗಿಲ್ಲ. ಫೈಲಿನ ಹೊರಗಡೆ ರಕ್ತದ ಗುಂಪು ಬರೆಯುತ್ತೇವಲ್ಲ, ಅದರ ಕೆಳಗೆ ಇನ್ನೆರಡು ಸಾಲು ಬರೆದುಕೊಳ್ಳೋಣ. ಕೆಂಪು ಕೀಮೋ ಇಲ್ಲಿಯವರೆಗೆ ಒಟ್ಟು ಎಷ್ಟು ಹೋಗಿದೆ. ಕೊನೆಯ ಎಕೋ ಯಾವ ತಾರೀಕು, ಇಎಫ್ ಎಷ್ಟು. ಇಂಜೆಕ್ಷನ್ ಹಾಕುವ ಸಿಸ್ಟರ್ ಕೂಡ ತಾರೀಕು ನೋಡಿ ಕೇಳಬಹುದು. ಅಮ್ಮನ ಫೈಲಿನ ಮೇಲೆ ಅದೊಂದು ಸಾಲು ಇದ್ದಿದ್ದರೆ ನನ್ನ ಮೌಲ್ಯಮಾಪನ, ನನ್ನ ರೈಲು, ಯಾವುದೂ ನೆಪ ಆಗುತ್ತಿರಲಿಲ್ಲ.

ಉಸಿರು ಕಟ್ಟುವುದಕ್ಕೆ ಬೇರೆ ಕಾರಣಗಳೂ ಇವೆ. ರಕ್ತ ಕಮ್ಮಿ ಆಗಿರಬಹುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಸೋಂಕು ಆಗಿರಬಹುದು. ಯಾವುದು ಅಂತ ಡಾಕ್ಟರ್ ನೋಡಿ ಹೇಳಲಿ. ಛತ್ರದ ಮೆಟ್ಟಿಲ ಮೇಲೆ ನಿಂತು ನಾವು ಹೇಳುವುದು ಬೇಡ. ನಾನೂ ಹೇಳಲಿಲ್ಲ. ಆ ಅತ್ತೆಗೆ ಏನಾಗಿದೆ ಅಂತ ನನಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆಯೇ ಎಕೋ ಮಾಡಿಸಪ್ಪ, ಇವತ್ತು ರಾತ್ರಿ ಉಸಿರು ಜಾಸ್ತಿ ಕಟ್ಟಿದರೆ ನಾಳೆವರೆಗೂ ಕಾಯಬೇಡ ಅಂತ ಮಾತ್ರ ಆ ಹುಡುಗನಿಗೆ ಹೇಳಿ ಬಂದೆ. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಎಚ್ಚರವಾಗಿ ಫೋನ್ ನೋಡಿದೆ. ಏನೂ ಬಂದಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಮೆಸೇಜ್ ಬಂತು. "ಅಕ್ಕ, ಹಾಸನದಲ್ಲಿ ಒಂಬತ್ತೂವರೆಗೆ ಟೈಮ್ ಕೊಟ್ಟಿದ್ದಾರೆ. ಅಮ್ಮ ಖಾಲಿ ಹೊಟ್ಟೇಲಿ ಇರಬೇಕಾ?"

ಬೇಡ, ತಿಂಡಿ ತಿನ್ನಿಸಿಯೇ ಕರ್ಕೊಂಡು ಹೋಗು ಅಂತ ಬರೆದೆ. ಮುಂದೆ ಹುಕ್ ಇರೋ ಬ್ಲೌಸ್ ಹಾಕಿಸು. ಹಳೇ ಎಕೋ ರಿಪೋರ್ಟ್ ಮರೀಬೇಡ, 62 ಅಂತ ಇದೆಯಲ್ಲ, ಅದು.